ಸಸ್ಪೆನ್ಶನ್ ಶೇ. 6.1, ಕಿತ್ತಳೆ ಬಣ್ಣ: ಈ ಶಾಲೆಗೆ ಮಗಳನ್ನು ಸೇರಿಸಬಹುದಾ?

ತುಂಗಾ
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಸ್ವಲ್ಪ ಹೇಳಿ.

ಈ ಬೇಸಿಗೆಯಲ್ಲಿ ಮನೆ ಬದಲಿಸುತ್ತಿದ್ದೇವೆ. ಮಗಳು ಆರನೇ ಕ್ಲಾಸಿಗೆ ಬರುತ್ತಾಳೆ, ಮಿಡಲ್ ಸ್ಕೂಲಿಗೆ ಹೋಗಬೇಕು. ಒಂದು ಮನೆ ನೋಡಿದ ಕೂಡಲೇ ಇಷ್ಟವಾಯಿತು. ಹಿತ್ತಲಲ್ಲಿ ನಿಂಬೆ ಗಿಡ ಇದೆ, ಕರಿಬೇವು ನೆಡೋಕೆ ಜಾಗ ಇದೆ. ಬಾಡಿಗೆಯೂ ಕೈಗೆಟುಕುವ ಹಾಗಿದೆ. ಅಷ್ಟರಲ್ಲಿ ನಮ್ಮ ಯಜಮಾನರು ರಾತ್ರಿ ಹನ್ನೊಂದಕ್ಕೆ ಕೂತು ರಾಜ್ಯದ ಸ್ಕೂಲ್ ಡ್ಯಾಶ್‌ಬೋರ್ಡ್ (ಶಾಲೆಗಳಿಗೆ ಬಣ್ಣದಲ್ಲಿ ದರ್ಜೆ ಕೊಡುವ ತಾಣ) ತೆಗೆದರು. ಆ ಮನೆಯ ವಿಳಾಸದವರು ಹೋಗಬೇಕಾದ ಶಾಲೆಗೆ ಸಸ್ಪೆನ್ಶನ್ ಶೇ. 6.1, ಕಿತ್ತಳೆ ಬಣ್ಣ. ಪಕ್ಕದ ಊರಿನ ಶಾಲೆಗೆ ಶೇ. 1.2, ಹಸಿರು. ಅಲ್ಲಿ ಬಾಡಿಗೆ ತಿಂಗಳಿಗೆ 700 ಡಾಲರ್ ಜಾಸ್ತಿ.

"ನೂರಕ್ಕೆ ಆರು ಮಕ್ಕಳು ಪುಂಡರು ಅಂತಾಯ್ತಲ್ಲ" ಅಂತಾರೆ ಇವರು. ಎಕ್ಸೆಲ್ ಶೀಟ್ ಬೇರೆ ಮಾಡಿಟ್ಟಿದ್ದಾರೆ. ನನಗೆ ಯಾಕೋ ಲೆಕ್ಕ ಅಷ್ಟು ಸಲೀಸಲ್ಲ ಅನ್ನಿಸುತ್ತಿದೆ. ಈ ಅಂಕಿಯನ್ನು ಹೇಗೆ ಓದಬೇಕು?

ಗೋಳಿಬಜೆ
ನಮ್ಮ ಕಾಲದಲ್ಲಿ ಈ ಲೆಕ್ಕ ಇಟ್ಟಿದ್ದರೆ ನಮ್ಮ ಕ್ಲಾಸಿನದ್ದು ಶೇ. 100 ಬರುತ್ತಿತ್ತು. ಬೆಂಚಿನ ಮೇಲೆ ನಿಲ್ಲಿಸೋದೂ ಸೇರುತ್ತಾ?

ಲೆಕ್ಕದ ಮೇಷ್ಟ್ರು
ತುಂಗಾ ಅವರೇ, ನಾನು ಕ್ಯಾಲಿಫೋರ್ನಿಯಾದ ಒಂದು ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಶಾಲೆಗಳಿಂದ ಬಂದ ದಾಖಲೆ ಸರಿ ಮಾಡಿ ರಾಜ್ಯಕ್ಕೆ ಕಳಿಸುವುದು. (ಮೇಷ್ಟ್ರು ಅನ್ನೋದು ಬರೀ ಹೆಸರಿಗೆ, ಪಾಠ ಮಾಡಿದವನಲ್ಲ.) ನಿಮ್ಮ ಯಜಮಾನರು ಹೇಳಿದ ವಾಕ್ಯದಲ್ಲಿ "ಆರು" ಅನ್ನೋದು ಸರಿ. "ಪುಂಡರು" ಅನ್ನೋದು ಡ್ಯಾಶ್‌ಬೋರ್ಡಿನಲ್ಲಿ ಇಲ್ಲ.

ಒಂದು ಜಗಳ ತೆಗೆದುಕೊಳ್ಳಿ. ಕೆಫೆಟೀರಿಯಾದ ಸಾಲಿನಲ್ಲಿ ಇಬ್ಬರು ಹುಡುಗರು ತಳ್ಳಾಡಿದರು, ಮೂರನೆಯವನು ಬಂದು ಸೇರಿಕೊಂಡ. ಒಬ್ಬನಿಗೆ ಒಂದು ದಿನ, ಇನ್ನೊಬ್ಬನಿಗೆ ಎರಡು ದಿನ, ಹೊಡೆದವನಿಗೆ ಐದು ದಿನ ಸಸ್ಪೆನ್ಶನ್. ಐದು ದಿನಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಕೊಡೋಕೆ ಇಲ್ಲಿನ ಕಾನೂನು ಬಿಡುವುದಿಲ್ಲ. ಮಾರ್ಚಿಯಲ್ಲಿ ಅದೇ ಹುಡುಗ ಇನ್ನೊಂದು ಸಲ ಸಸ್ಪೆಂಡ್ ಆದ, ಎರಡು ದಿನ. ಈಗ ಹೇಳಿ, ಎಷ್ಟು? ಘಟನೆ ಎರಡು. ಮಕ್ಕಳು ಮೂವರು. ಸಸ್ಪೆನ್ಶನ್ ನಾಲ್ಕು. ತಪ್ಪಿದ ದಿನಗಳು ಹತ್ತು. ನಾಲ್ಕೂ ಸರಿಯಾದ ಅಂಕಿಗಳೇ. ನಾಲ್ಕನ್ನೂ ಜನ "ಸಸ್ಪೆನ್ಶನ್ ಡೇಟಾ" ಅಂತಲೇ ಕರೆಯುತ್ತಾರೆ.

ಡ್ಯಾಶ್‌ಬೋರ್ಡಿನ ಶೇಕಡಾವಾರಿನಲ್ಲಿ ಮೇಲೆ ಬರುವುದು ಮಕ್ಕಳ ಸಂಖ್ಯೆ. ಒಬ್ಬ ಹುಡುಗ ಒಂದು ಸಲ ಸಸ್ಪೆಂಡ್ ಆದರೂ ಒಂದೇ, ಏಳು ಸಲ ಆದರೂ ಒಂದೇ. ವರ್ಷದಲ್ಲಿ ಎಲ್ಲ ಸೇರಿ ಕನಿಷ್ಠ ಒಂದು ಪೂರ್ತಿ ದಿನವಾದರೂ ಸಸ್ಪೆಂಡ್ ಆದವನು ಮಾತ್ರ ಲೆಕ್ಕಕ್ಕೆ ಬರುತ್ತಾನೆ. ಈ "ಪೂರ್ತಿ ದಿನ" ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಇನ್ನು ಕೆಳಗಿನ ಅಂಕಿ, ಶಾಲೆಯಲ್ಲಿ ಕಲಿತ ಛೇದ. ಅಕ್ಟೋಬರ್ ಮೊದಲ ಬುಧವಾರ ಇಲ್ಲಿ ತಲೆ ಎಣಿಸುತ್ತಾರೆ. ಶಾಲೆಯ ಮಕ್ಕಳ ಸಂಖ್ಯೆ ಅಂತ ಎಲ್ಲ ಕಡೆ ಕಾಣುವುದು ಆ ದಿನದ ಎಣಿಕೆ. ಆದರೆ ಸಸ್ಪೆನ್ಶನ್ ದರಕ್ಕೆ ಕೆಳಗೆ ಹಾಕುವುದು ಇಡೀ ವರ್ಷದಲ್ಲಿ ಯಾವಾಗ ಬಂದು ಹೋದರೂ ಸರಿ, ಹೆಸರು ಬರೆಸಿದ ಅಷ್ಟೂ ಮಕ್ಕಳನ್ನು. ಬಾಡಿಗೆ ಮನೆಗಳೇ ಜಾಸ್ತಿ ಇರುವ ಕಡೆ ಎರಡಕ್ಕೂ ದೊಡ್ಡ ವ್ಯತ್ಯಾಸ ಬರುತ್ತದೆ. ಬಹಳ ಜನ ಸಸ್ಪೆನ್ಶನ್ ಸಂಖ್ಯೆಯನ್ನು ಒಂದು ಕಡೆಯಿಂದ, ಮಕ್ಕಳ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ತಂದು ತಾವೇ ಭಾಗಿಸಿ ವಾಟ್ಸಾಪಿನಲ್ಲಿ ಹಾಕುತ್ತಾರೆ. ಅದು ಮಾವಿನಕಾಯಿಗೆ ಹುಣಸೆಹಣ್ಣಿನ ತೂಕ ಹಾಕಿದ ಹಾಗೆ.

ಕೊನೆಗೆ ಬಣ್ಣ. ಬಣ್ಣ ಬರೀ ಈ ವರ್ಷದ ದರವಲ್ಲ. ಈ ವರ್ಷ ಎಷ್ಟಿದೆ, ಹೋದ ವರ್ಷಕ್ಕಿಂತ ಎಷ್ಟು ಏರಿತು ಅಥವಾ ಇಳಿಯಿತು, ಎರಡನ್ನೂ ಒಂದು ಚೌಕಳಿಯಲ್ಲಿ ಕೂಡಿಸಿ ಬಣ್ಣ ಕೊಡುತ್ತಾರೆ. ಎಲಿಮೆಂಟರಿ, ಮಿಡಲ್, ಹೈಸ್ಕೂಲುಗಳಿಗೆ ಗೆರೆಗಳೂ ಬೇರೆ ಬೇರೆ. ಹಾಗಾಗಿ ಒಂದೇ ದರ ಇರುವ ಎರಡು ಶಾಲೆಗಳಿಗೆ ಬೇರೆ ಬೇರೆ ಬಣ್ಣ ಬರಬಹುದು. ನಿಮ್ಮ ಶಾಲೆಗೆ ಕಿತ್ತಳೆ ಬಂದಿದೆ ಅಂದರೆ ಹೋದ ವರ್ಷಕ್ಕಿಂತ ಏರಿರಬೇಕು, ನೋಡಿ ಹೇಳಿ.

ತುಂಗಾ
ಹೌದು ಸರ್, ಹೋದ ವರ್ಷ ಶೇ. 4.2 ಇತ್ತು. ಒಟ್ಟು 640 ಮಕ್ಕಳಲ್ಲಿ 39 ಜನ ಅಂತ ತೋರಿಸುತ್ತಿದೆ. ಅಂದರೆ ಹೆಚ್ಚಿಗೆ ಆಗಿದ್ದು ಹತ್ತು ಹದಿನೈದು ಮಕ್ಕಳು. ಇವರಿಗೆ ತೋರಿಸಿದೆ. "ಹತ್ತು ಹದಿನೈದು ಜನ ಸಾಲದಾ?" ಅಂದರು.

ಸುಮ್ನೆ ಕೇಳ್ದೆ
ನನ್ನದೊಂದು ನೇರ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಫೆಡರಲ್ ಸರ್ಕಾರದ ರಿಪೋರ್ಟಿನಲ್ಲೇ ಇದೆಯಂತೆ, ಕಪ್ಪು ವರ್ಣೀಯ ಮಕ್ಕಳಲ್ಲಿ ಶೇ. 39 ಮಂದಿ ಸಸ್ಪೆಂಡ್ ಆಗುತ್ತಾರೆ ಅಂತ. ನಮ್ಮ ಆಫೀಸಿನ ಗುಂಪಿನಲ್ಲಿ ಬಂದಿತ್ತು. ಅಂಥ ಶಾಲೆ ಬೇಡ ಅಂತ ಅಪ್ಪ ಅಮ್ಮ ಅಂದುಕೊಂಡರೆ ತಪ್ಪೇನು?

ಲೆಕ್ಕದ ಮೇಷ್ಟ್ರು
ಬೇಜಾರಿಲ್ಲ, ಆದರೆ ನೀವು ಹೇಳಿದ್ದು ತಪ್ಪು. ಸಣ್ಣ ತಪ್ಪಲ್ಲ, ತಲೆಕೆಳಗು.

ಆ 39 ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅಮೆರಿಕದ ಸಂಸತ್ತಿಗೆ ಲೆಕ್ಕ ಪರಿಶೋಧನೆ ಮಾಡಿಕೊಡುವ ಜಿಎಒ ಅನ್ನೋ ಸಂಸ್ಥೆ ಇದೆ. 2018ರ ಮಾರ್ಚಿಯಲ್ಲಿ ಅವರ ವರದಿ ಬಂತು, 2013-14ರ ಅಂಕಿಗಳ ಮೇಲೆ. ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪು ವರ್ಣೀಯರು ಶೇ. 15.5. ಸಸ್ಪೆಂಡ್ ಆದ ಮಕ್ಕಳಲ್ಲಿ ಅವರು ಸುಮಾರು ಶೇ. 39. ಅಂದರೆ ಸಸ್ಪೆಂಡ್ ಆದ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಅದರಲ್ಲಿ 39 ಜನ ಆ ಮಕ್ಕಳು. ನೂರು ಕಪ್ಪು ವರ್ಣೀಯ ಮಕ್ಕಳನ್ನು ನಿಲ್ಲಿಸಿದರೆ 39 ಜನ ಸಸ್ಪೆಂಡ್ ಆದವರು ಅಂತ ಅಲ್ಲ. ಒಂದು ಪಾಲು, ಇನ್ನೊಂದು ದರ. ಆಸ್ಪತ್ರೆಯಲ್ಲಿ ಮಲಗಿರುವವರಲ್ಲಿ ಅರ್ಧ ಮೈಸೂರಿನವರು ಅಂದರೆ ಮೈಸೂರಿನ ಅರ್ಧ ಜನ ಆಸ್ಪತ್ರೆಯಲ್ಲಿದ್ದಾರೆ ಅಂತ ಆಗುತ್ತಾ?

ಅದೇ ವರ್ಷದ ದರ ಬೇಕಾದರೆ ಫೆಡರಲ್ ಶಿಕ್ಷಣ ಇಲಾಖೆಯದ್ದು ಇದೆ. ಶಾಲೆಯಿಂದ ಹೊರಗೆ ಕಳಿಸುವ ಸಸ್ಪೆನ್ಶನ್ ಒಂದು ಸಲವಾದರೂ ಆದವರು: ಎಲ್ಲ ಮಕ್ಕಳಲ್ಲಿ ಶೇ. 6. ಕಪ್ಪು ವರ್ಣೀಯ ಹುಡುಗರಲ್ಲಿ ಶೇ. 18, ಹುಡುಗಿಯರಲ್ಲಿ ಶೇ. 10. ಬಿಳಿ ಹುಡುಗರಲ್ಲಿ ಶೇ. 5, ಹುಡುಗಿಯರಲ್ಲಿ ಶೇ. 2. ವ್ಯತ್ಯಾಸ ಇದೆ, ದೊಡ್ಡದೇ ಇದೆ. ಆದರೆ ನೂರಕ್ಕೆ 82 ಕಪ್ಪು ಹುಡುಗರು ಆ ವರ್ಷ ಒಂದು ಸಲವೂ ಸಸ್ಪೆಂಡ್ ಆಗಿಲ್ಲ ಅನ್ನೋದೂ ಅದೇ ಸಾಲಿನಲ್ಲೇ ಇದೆ. ನಿಮ್ಮ ಆಫೀಸಿನ ಗುಂಪಿಗೆ ಇದನ್ನೂ ಹಾಕಿ.

ಸುಮ್ನೆ ಕೇಳ್ದೆ
ಸರಿ, ಪಾಲು ದರ ಅಂತ ಗೊತ್ತಾಯಿತು, ಒಪ್ಪಿದೆ. ಆದರೂ 18 ಎಲ್ಲಿ, 5 ಎಲ್ಲಿ? ಗಲಾಟೆ ಜಾಸ್ತಿ ಮಾಡಿದ್ದಕ್ಕೆ ತಾನೇ ಶಿಕ್ಷೆ ಜಾಸ್ತಿ ಆಗಿರೋದು?

ಡಲ್ಲಾಸ್ ದೇವರಾಯ
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಟೆಕ್ಸಾಸಿನಲ್ಲಿ ಹದಿಮೂರು ವರ್ಷದಿಂದ ಗಣಿತದ ಟೀಚರ್. ನನ್ನ ಕೈಯಿಂದಲೇ ಎಷ್ಟೋ ರೆಫರಲ್ (ಮಗುವಿನ ತಪ್ಪಿನ ಬಗ್ಗೆ ಆಫೀಸಿಗೆ ಕಳಿಸುವ ದೂರು) ಬರೆದಿದ್ದೇನೆ.

ಅನುಪಾತ ಒಂದನ್ನೇ ಇಟ್ಟುಕೊಂಡರೆ ನೀವು ಹೇಳುವುದೂ ಸಾಬೀತಾಗುವುದಿಲ್ಲ, ಟೀಚರುಗಳೆಲ್ಲ ಭೇದ ಮಾಡುತ್ತಾರೆ ಅನ್ನೋದೂ ಸಾಬೀತಾಗುವುದಿಲ್ಲ. ಒಳಗೆ ಇಳಿದು ನೋಡಬೇಕು. ಟೆಕ್ಸಾಸಿನಲ್ಲಿ ಹಾಗೆ ಇಳಿದು ನೋಡಿದ್ದಾರೆ. 2011ರಲ್ಲಿ ಬಂದ ಅಧ್ಯಯನ. ಏಳನೇ ಕ್ಲಾಸಿನ ಹತ್ತಿರ ಹತ್ತಿರ 10 ಲಕ್ಷ ಮಕ್ಕಳ ದಾಖಲೆಯನ್ನು ವರ್ಷ ವರ್ಷ ಹಿಂಬಾಲಿಸಿದರು. ಸ್ಯಾಂಪಲ್ ಅಲ್ಲ, ರಾಜ್ಯದ ಸರ್ಕಾರಿ ಶಾಲೆಗಳ ಆ ವಯಸ್ಸಿನ ಎಲ್ಲ ಮಕ್ಕಳು.

ಕಾನೂನಿನ ಪ್ರಕಾರ ಕ್ರಮ ತೆಗೆದುಕೊಳ್ಳಲೇಬೇಕು ಅನ್ನುವಂಥ ತಪ್ಪುಗಳು, ಅಂದರೆ ಆಯುಧ, ಗಂಭೀರ ಹಲ್ಲೆ ಇಂಥವು, ಒಟ್ಟು ಶಿಸ್ತುಕ್ರಮಗಳಲ್ಲಿ ಬರೀ ಶೇ. 3. ಉಳಿದದ್ದೆಲ್ಲ ಶಾಲೆಯವರ ವಿವೇಚನೆಗೆ ಬಿಟ್ಟದ್ದು. ಆಮೇಲೆ ಮನೆಯ ಆದಾಯ, ಅಂಕಗಳು, ಹಾಜರಿ ಹೀಗೆ 83 ವಿಷಯಗಳನ್ನು ಸರಿದೂಗಿಸಿ ನೋಡಿದರು. ಎಲ್ಲದರಲ್ಲೂ ಒಂದೇ ಥರ ಇರುವ ಬಿಳಿ ಮಗುವಿಗಿಂತ ಕಪ್ಪು ವರ್ಣೀಯ ಮಗುವಿಗೆ ಈ ವಿವೇಚನೆಯ ಶಿಕ್ಷೆ ಬೀಳುವ ಸಾಧ್ಯತೆ ಶೇ. 31 ಜಾಸ್ತಿ ಇತ್ತು. ಕಡ್ಡಾಯ ಶಿಕ್ಷೆಯ ತಪ್ಪುಗಳಲ್ಲಿ ಆ ಹೆಚ್ಚಳ ಕಾಣಲಿಲ್ಲ.

ಚಾಕು ಚಾಕುವೇ, ಯಾರ ಚೀಲದಲ್ಲಿ ಸಿಕ್ಕರೂ. ಆದರೆ "ಎದುರು ಮಾತಾಡಿದ", "ಅಗೌರವ ತೋರಿಸಿದ" ಅನ್ನೋದು? ಅದು ನನ್ನ ಅವತ್ತಿನ ಮೂಡಿನ ಮೇಲೆ ಹೋಗುತ್ತದೆ ಸ್ವಾಮಿ. ಶುಕ್ರವಾರ ಕೊನೇ ಪೀರಿಯಡ್ಡಿನಲ್ಲಿ ನಾನು ಬರೆದ ರೆಫರಲ್‌ಗಳನ್ನು ಸೋಮವಾರ ಬೆಳಗ್ಗೆ ಓದಿ ನಾಚಿಕೆಪಟ್ಟಿದ್ದೂ ಇದೆ.

ಇನ್ನೊಂದು ಮಾತು ತುಂಗಾ ಮೇಡಂಗೆ. ಅದೇ ಅಧ್ಯಯನದಲ್ಲಿ ಏಳರಿಂದ ಹನ್ನೆರಡನೇ ಕ್ಲಾಸಿನೊಳಗೆ ಒಂದು ಸಲವಾದರೂ ಸಸ್ಪೆಂಡ್ ಅಥವಾ ಎಕ್ಸ್‌ಪೆಲ್ ಆದ ಮಕ್ಕಳು ಹತ್ತಕ್ಕೆ ಹತ್ತಿರ ಹತ್ತಿರ ಆರು. ಶಾಲೆಯೊಳಗೇ ಬೇರೆ ಕೋಣೆಯಲ್ಲಿ ಕೂರಿಸುವ ಇನ್‌ಸ್ಕೂಲ್ ಸಸ್ಪೆನ್ಶನ್ನೂ ಸೇರಿ. ಒಂದು ವರ್ಷದ ಅಂಕಿ ಚಿಕ್ಕದಾಗಿ ಕಾಣುತ್ತದೆ, ಆರು ವರ್ಷ ಕೂಡಿದರೆ ಹೀಗೆ. ನೂರಕ್ಕೆ ಅರವತ್ತು ಪುಂಡರು ಅಂತೀರಾ ಆಗ?

ಗೋಳಿಬಜೆ
ಬೆಂಚಿನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಮಲೆನಾಡ ಮಗಳು
ಮೇಷ್ಟ್ರು "ಪೂರ್ತಿ ದಿನ ನೆನಪಿಟ್ಟುಕೊಳ್ಳಿ" ಅಂದರಲ್ಲ, ಅದನ್ನು ಓದಿ ಬರೆಯದೆ ಇರೋಕೆ ಆಗಲಿಲ್ಲ. ನನ್ನ ಮಗನಿಗೆ ಆಟಿಸಂ ಇದೆ. ಈಗ ಒಂಬತ್ತನೇ ಕ್ಲಾಸು, ಚೆನ್ನಾಗಿದ್ದಾನೆ. ಇದು ಎರಡನೇ ಕ್ಲಾಸಿನ ಕಥೆ, ಶಾಲೆ ಯಾವುದು ಅಂತ ಬೇಡ.

ಬೆಳಗ್ಗೆ 11:20ರ ಹೊತ್ತಿಗೆ ಫೋನು ಬರುತ್ತಿತ್ತು. ಮಂಗಳವಾರ ಜಾಸ್ತಿ, ಯಾಕೆಂದರೆ ಅವತ್ತು ಜಿಮ್ ಹಾಲಿನಲ್ಲಿ ಗದ್ದಲ. "ಇವತ್ತು ಅವನಿಗೆ ಕಷ್ಟದ ದಿನ, ಬಂದು ಕರೆದುಕೊಂಡು ಹೋಗ್ತೀರಾ?" ಬಹಳ ನಯವಾಗಿ ಕೇಳುತ್ತಿದ್ದರು. ನಾನು ಆಫೀಸಿನಲ್ಲಿ ಮೀಟಿಂಗ್ ಬಿಟ್ಟು ಓಡುತ್ತಿದ್ದೆ. ಅವನು ಆಫೀಸಿನ ನೀಲಿ ಕುರ್ಚಿಯಲ್ಲಿ ಕೂತಿರುತ್ತಿದ್ದ, ತೊಡೆಯ ಮೇಲೆ ಬುತ್ತಿ, ಒಳಗಿನ ಚಿತ್ರಾನ್ನ ಹಾಗೇ. ಕೌಂಟರಿನ ಮೇಲೆ ಒಂದು ರಿಜಿಸ್ಟರ್. ಹೆಸರು, ಸಮಯ, ಸಹಿ, ಕಾರಣ. ಕಾರಣದ ಜಾಗದಲ್ಲಿ ಏನು ಬರೆಯಲಿ ಅಂದರೆ ಆಫೀಸಿನವರು "ಪರ್ಸನಲ್ ಅಂತ ಹಾಕಿ" ಅಂದರು. ನಾನು ಹಾಗೇ ಹಾಕಿದೆ. ಒಂದಲ್ಲ ಎರಡಲ್ಲ, ಆ ವರ್ಷ ಇಪ್ಪತ್ತಮೂರು ಸಲ. ನನ್ನ ಕೈಬರಹದಲ್ಲೇ ಇದೆ.

ವರ್ಷದ ಕೊನೆಗೆ ಆ ಶಾಲೆಯ ರಿಪೋರ್ಟು ನೋಡಿದೆ. ಅಂಗವೈಕಲ್ಯ ಇರುವ ಮಕ್ಕಳ ಸಸ್ಪೆನ್ಶನ್: ಸೊನ್ನೆ. ಒಳ್ಳೆಯ ಬಣ್ಣ. ಮೆಚ್ಚುಗೆಯ ಮಾತು ಬೇರೆ.

ಇದರಿಂದ ನಮಗೆ ಆದ ನಷ್ಟ ಆಮೇಲೆ ಗೊತ್ತಾಯಿತು. ಐಇಪಿ (ವಿಶೇಷ ಅಗತ್ಯ ಇರುವ ಮಗುವಿಗೆ ಶಾಲೆ ಬರೆದುಕೊಡುವ ಕಲಿಕೆಯ ಯೋಜನೆ) ಇರುವ ಮಗುವನ್ನು ವರ್ಷದಲ್ಲಿ ಹತ್ತು ಶಾಲಾ ದಿನಕ್ಕಿಂತ ಜಾಸ್ತಿ ಹೊರಗೆ ಹಾಕುತ್ತಾ ಹೋದರೆ, ಅದು ಬೇರೆ ಶಾಲೆಗೆ ಹಾಕಿದಷ್ಟೇ ದೊಡ್ಡ ಬದಲಾವಣೆ ಆಯಿತು ಅಂದರೆ, ಶಾಲೆಯವರು ಮೀಟಿಂಗ್ ಕರೆದು ಈ ನಡವಳಿಕೆ ಅವನ ತೊಂದರೆಯಿಂದಲೇ ಬಂದಿದ್ದಾ ಅಂತ ನೋಡಲೇಬೇಕು. ಫೆಡರಲ್ ಕಾನೂನೇ ಹಾಗಿದೆ. ಆದರೆ ಕಾಗದದಲ್ಲಿ ನನ್ನ ಮಗ ಒಂದು ದಿನವೂ ಹೊರಗೆ ಹೋಗಿರಲಿಲ್ಲ. ಅಮ್ಮನೇ ಬಂದು ಕರೆದುಕೊಂಡು ಹೋಗಿದ್ದಳು. 2022ರ ಜುಲೈಯಲ್ಲಿ ಫೆಡರಲ್ ಇಲಾಖೆ ಹೊಸ ಮಾರ್ಗಸೂಚಿ ಕೊಟ್ಟಾಗ ಇಂಥ "ಇನ್‌ಫಾರ್ಮಲ್ ರಿಮೂವಲ್" ಬಗ್ಗೆಯೂ ಬರೆಯಿತು. ಅದನ್ನು ಓದುತ್ತಾ ನನಗೆ ಆ ನೀಲಿ ಕುರ್ಚಿಯೇ ಕಣ್ಣಮುಂದೆ ಬಂತು.

ಹಾಗಾಗಿ ಶೇ. 1.2 ಅಂದ ಕೂಡಲೇ ನನಗೆ ಸಂತೋಷ ಆಗುವುದಿಲ್ಲ. ಮೊದಲು ಅನುಮಾನ ಬರುತ್ತದೆ. ನನ್ನದು ಸ್ವಲ್ಪ ಅತಿ ಅನ್ನಿಸಬಹುದು.

ಹಳೇ ಮೇಡಂ, ಹಾಸನ
ಅತಿ ಅಲ್ಲ ಮಗಳೇ. ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿದ್ದೆ, ಕೊನೆಯ ಆರು ವರ್ಷ ಮುಖ್ಯೋಪಾಧ್ಯಾಯಿನಿ. ಈಗ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿ ಮೊಮ್ಮಗು ನೋಡಿಕೊಂಡಿದ್ದೇನೆ. ಅಳಿಯ ಈ ಚರ್ಚೆ ತೋರಿಸಿದ.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವ ಹಾಗಿಲ್ಲ. ಹೊಡೆಯುವ ಹಾಗೂ ಇಲ್ಲ. ಒಳ್ಳೆಯ ಕಾನೂನು. ಆದರೆ ತೆಗೆದುಹಾಕದೇನೇ ಕಳಿಸುವ ದಾರಿ ಎಲ್ಲರಿಗೂ ಗೊತ್ತು. ಅಪ್ಪನನ್ನು ಕರೆಸುತ್ತಾರೆ. "ಇವನಿಗೆ ಇಲ್ಲಿ ಹೊಂದುವುದಿಲ್ಲ, ನೀವೇ ಟಿಸಿ ತೆಗೆದುಕೊಂಡು ಬೇರೆ ಕಡೆ ನೋಡಿ" ಅಂತಾರೆ. ಅಪ್ಪ ಅರ್ಜಿ ಬರೆಯುತ್ತಾನೆ. ಟಿಸಿಯಲ್ಲಿ ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ನಡತೆ: ಉತ್ತಮ. ನಾನೇ ಅಂಥ ಎಷ್ಟೋ ಟಿಸಿಗೆ ಸಹಿ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. "ಉತ್ತಮ" ಅಂತ ಬರೆದಿದ್ದು ಮಗುವಿಗೆ ಮುಂದೆ ತೊಂದರೆ ಆಗಬಾರದು ಅಂತ. ಆದರೆ ಆ ಕಾಗದ ಓದಿದವರಿಗೆ ನಿಜ ಗೊತ್ತಾಗುವುದಿಲ್ಲ.

ನಮ್ಮ ಶಾಲೆಯಿಂದ ಒಂದೇ ಒಂದು ಮಗುವನ್ನೂ ತೆಗೆದುಹಾಕಿಲ್ಲ ಅಂತ ಇನ್ಸ್‌ಪೆಕ್ಷನ್ನಿಗೆ ಬಂದವರಿಗೆ ಹೇಳಿದ್ದೇನೆ. ಅದು ನಿಜವೂ ಹೌದು.

ಗೋಳಿಬಜೆ, ಬೆಂಚಿನ ಮೇಲೆ ನಿಲ್ಲಿಸೋದು ಎಲ್ಲೂ ಸೇರುವುದಿಲ್ಲಪ್ಪ. ಈಗ ನಿಲ್ಲಿಸುವ ಹಾಗೂ ಇಲ್ಲ.

ಗೋಳಿಬಜೆ
ಧನ್ಯವಾದ ಮೇಡಂ 🙏 ಬೆಂಚಿನಿಂದ ಇಳಿದೆ.

ಲೆಕ್ಕದ ಮೇಷ್ಟ್ರು
ಇಬ್ಬರು ಅಮ್ಮಂದಿರು ಹೇಳಿದ ಮೇಲೆ ನನ್ನ ಕಡೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಬರೆಯದೇ ಬಿಡುವುದು ಒಂದು ಕಡೆ. ತಪ್ಪು ಸಾಲಿನಲ್ಲಿ ಬರೆಯುವುದು ಇನ್ನೊಂದು ಕಡೆ.

ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ 1968ರಿಂದ ಶಾಲೆಗಳ ಲೆಕ್ಕ ತೆಗೆದುಕೊಳ್ಳುತ್ತಿದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಸಲ. ಸಿಆರ್‌ಡಿಸಿ ಅಂತ ಕರೆಯುತ್ತಾರೆ. 2015-16ರ ಲೆಕ್ಕದಲ್ಲಿ ಹೊಸದಾಗಿ ಶಾಲೆಯಲ್ಲಿ ಗುಂಡು ಹಾರಿದ ಘಟನೆಗಳನ್ನೂ ಕೇಳಿದರು. ಸುಮಾರು 240 ಶಾಲೆಗಳಲ್ಲಿ ಆಗಿದೆ ಅಂತ ಬಂತು. ದೇಶ ಬೆಚ್ಚಿಬೀಳಬೇಕಾದ ಅಂಕಿ. ಎನ್‌ಪಿಆರ್ ರೇಡಿಯೋದವರು 2018ರಲ್ಲಿ ಒಂದೊಂದು ಶಾಲೆಯನ್ನೂ ಸಂಪರ್ಕಿಸಿ ಕೇಳಿದರು. ಖಚಿತ ಆಗಿದ್ದು 11 ಘಟನೆ. 161 ಕಡೆ "ನಮ್ಮಲ್ಲಿ ಅಂಥದ್ದು ನಡೆದೇ ಇಲ್ಲ" ಅಂದರು. ಕ್ಲೀವ್‌ಲ್ಯಾಂಡ್ ಡಿಸ್ಟ್ರಿಕ್ಟ್ ಒಂದರಿಂದಲೇ 37 ಬಂದಿತ್ತು. ಚಾಕು ಅಥವಾ ಬಂದೂಕು ಸಿಕ್ಕಿದ್ದರ ಸಂಖ್ಯೆ ಅದು. ಫಾರಂನಲ್ಲಿ ಅದರ ಪಕ್ಕದ ಪ್ರಶ್ನೆಯ ಜಾಗಕ್ಕೆ ಹೋಗಿ ಕೂತಿತ್ತು.

ಆ ಸುದ್ದಿ ಓದಿದ ದಿನ ನನಗೆ ನಗುವೂ ಬಂತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಯಾಕೆಂದರೆ ಆ ಫಾರಂ ತುಂಬುವುದು ನನ್ನಂಥವರು. ಸಂಜೆ ಐದಾಗಿರುತ್ತದೆ, ಗಡುವು ನಾಳೆ, ಒಂದು ಶಾಲೆಯ ವೈಸ್ ಪ್ರಿನ್ಸಿಪಾಲ್ ಇನ್ನೂ ಫೋನ್ ಎತ್ತುತ್ತಿಲ್ಲ. ಡ್ರಾಪ್‌ಡೌನ್‌ನಲ್ಲಿ ಒಂದು ಸಾಲು ಕೆಳಗೆ ಒತ್ತಿದರೆ ತಳ್ಳಾಟ ಹೋಗಿ ಹಲ್ಲೆ ಆಗುತ್ತದೆ.

ವರ್ಷ ನೋಡದೆ ಹೋಲಿಸುವವರ ಬಗ್ಗೆಯೂ ಒಂದು ಮಾತು. 2017-18ರಲ್ಲಿ ದೇಶದಲ್ಲಿ ಸುಮಾರು 25 ಲಕ್ಷ ಮಕ್ಕಳು ಶಾಲೆಯಿಂದ ಹೊರಗೆ ಹಾಕುವ ಸಸ್ಪೆನ್ಶನ್ ಕಂಡಿದ್ದರು. ಅದರ ಮುಂದಿನ ಲೆಕ್ಕ 2020-21ರದ್ದು, ಆಗ ಸುಮಾರು 6 ಲಕ್ಷ 38 ಸಾವಿರ. ಮಕ್ಕಳೆಲ್ಲ ಸಾಧು ಆಗಿಬಿಟ್ಟರಾ? ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು ಅಷ್ಟೇ. ಆ ವರ್ಷವನ್ನು ಶುರು ಮಾಡಿಕೊಂಡು ಗ್ರಾಫ್ ಹಾಕಿದರೆ ಆಮೇಲಿನ ಎಲ್ಲ ವರ್ಷಗಳೂ ಭಯಂಕರವಾಗಿ ಕಾಣುತ್ತವೆ. ಚುನಾವಣೆ ಹೊತ್ತಿಗೆ ಅಂಥ ಗ್ರಾಫ್ ಜಾಸ್ತಿ ಓಡಾಡುತ್ತವೆ, ಎಚ್ಚರ.

ಕ್ಯಾಲಿಫೋರ್ನಿಯಾದಲ್ಲಂತೂ ಕಾನೂನೇ ಬದಲಾಗುತ್ತಾ ಬಂದಿದೆ. ದೇವರಾಯರು ಹೇಳಿದ "ಎದುರು ಮಾತಾಡಿದ" ಅನ್ನೋ ಕಾರಣಕ್ಕೆ ಸಸ್ಪೆಂಡ್ ಮಾಡುವುದನ್ನು 2015ರಿಂದ ಮೂರನೇ ಕ್ಲಾಸಿನವರೆಗೆ ನಿಲ್ಲಿಸಿದರು. ಆಮೇಲೆ ಎಂಟರವರೆಗೆ. 2024ರ ಜುಲೈ 1ರಿಂದ ಹೈಸ್ಕೂಲಿಗೂ. ಹಾಗಾಗಿ ಒಂದು ಹೈಸ್ಕೂಲಿನಲ್ಲಿ ಆ ಕಾಲಂ ಸೊನ್ನೆಗೆ ಇಳಿದರೆ ಅದು ಹೊಸ ಪ್ರಿನ್ಸಿಪಾಲರ ಚಮತ್ಕಾರ ಅಂತ ಹಾರ ಹಾಕಬೇಡಿ.

ತುಂಗಾ ಅವರೇ, ಈಗ ನಿಮಗೆ ಕೆಲಸ. ಡ್ಯಾಶ್‌ಬೋರ್ಡ್ ಮುಚ್ಚಿ. ರಾಜ್ಯದ್ದೇ ಡೇಟಾಕ್ವೆಸ್ಟ್ ಅಂತ ಇನ್ನೊಂದು ತಾಣ ಇದೆ, ನೋಡೋಕೆ ಅಂದಗೇಡಿ, ಆದರೆ ವಿವರ ಅಲ್ಲಿದೆ. ಆ ಶಾಲೆಯ ಸಸ್ಪೆನ್ಶನ್‌ಗಳನ್ನು ಕಾರಣದ ಪ್ರಕಾರ ಬಿಡಿಸಿ ತೋರಿಸುತ್ತದೆ: ಗಾಯವಾದ ಹಿಂಸೆ, ಗಾಯವಿಲ್ಲದ ಹಿಂಸೆ, ಆಯುಧ, ಮಾದಕ ವಸ್ತು, ಎದುರು ಮಾತು, ಇತರೆ. ಹೋದ ವರ್ಷದ್ದನ್ನೂ ಪಕ್ಕದಲ್ಲಿ ತೆಗೆಯಿರಿ. ನಕ್ಷತ್ರದ ಗುರುತು ಕಂಡರೆ ಅದು ಸೊನ್ನೆ ಅಲ್ಲ. ಆ ಗುಂಪಿನಲ್ಲಿ ಮಕ್ಕಳು ತೀರಾ ಕಡಿಮೆ, ಯಾರು ಅಂತ ಗೊತ್ತಾಗಬಾರದು ಅಂತ ಮುಚ್ಚಿದ್ದಾರೆ. ಹಾಂ, "ಏಷ್ಯನ್" ಅನ್ನೋ ಸಾಲು ನೋಡಿ ನಮ್ಮ ಮಕ್ಕಳು ಹೀಗೆ ಅಂತ ತೀರ್ಮಾನಿಸಬೇಡಿ. ಚೀನಾ, ವಿಯೆಟ್ನಾಂ, ಮೊಂಗ್, ಕಾಂಬೋಡಿಯಾ, ನಾವು, ಎಲ್ಲರೂ ಅದರಲ್ಲೇ.

ಸುಮ್ನೆ ಕೇಳ್ದೆ
ಮೇಷ್ಟ್ರೇ, ಕೊನೆಯದಾಗಿ ಒಂದು. ನಮ್ಮ ಡಿಸ್ಟ್ರಿಕ್ಟಿನವರು "ಸಸ್ಪೆನ್ಶನ್ ಅರ್ಧ ಇಳಿಸಿದ್ದೇವೆ" ಅಂತ ಪತ್ರ ಕಳಿಸಿದರು. ಅದೇ ವಾರ ಸ್ಥಳೀಯ ಪತ್ರಿಕೆಯಲ್ಲಿ "ಅಂತರ ಇನ್ನೂ ಹೆಚ್ಚಾಗಿದೆ" ಅಂತ ಬಂತು. ಯಾರು ಸುಳ್ಳು ಹೇಳುತ್ತಿದ್ದಾರೆ?

ಲೆಕ್ಕದ ಮೇಷ್ಟ್ರು
ಇಬ್ಬರೂ ನಿಜ ಹೇಳುತ್ತಿರಬಹುದು. ಸುಮ್ನೆ ಉದಾಹರಣೆಗೆ: ಮೊದಲು ಒಂದು ಗುಂಪಿನಲ್ಲಿ ಶೇ. 20, ಇನ್ನೊಂದರಲ್ಲಿ ಶೇ. 5. ನಾಲ್ಕು ಪಟ್ಟು. ಈಗ ಶೇ. 10 ಮತ್ತು ಶೇ. 2. ಎರಡೂ ಕಡೆ ಅರ್ಧ, ಅರ್ಧಕ್ಕಿಂತ ಜಾಸ್ತಿಯೇ ಇಳಿಯಿತು. ಆದರೆ ಪಟ್ಟು ನೋಡಿದರೆ ನಾಲ್ಕಿದ್ದದ್ದು ಐದಾಯಿತು. ಕಳೆದು ನೋಡಿದರೆ 15 ಇದ್ದ ಅಂತರ 8ಕ್ಕೆ ಬಂತು. ಪತ್ರ ಬರೆದವರು ಒಂದನ್ನು ಆರಿಸಿಕೊಂಡರು, ಪತ್ರಿಕೆಯವರು ಇನ್ನೊಂದನ್ನು. ನಾನಾದರೆ ನಾಲ್ಕೂ ಅಂಕಿ ಕೊಡಿ ಅಂತ ಕೇಳುತ್ತೇನೆ.

ಡಲ್ಲಾಸ್ ದೇವರಾಯ
ಈ ಲೆಕ್ಕವನ್ನು ನಾಳೆ ನನ್ನ ಎಂಟನೇ ಕ್ಲಾಸಿಗೆ ಕೊಡುತ್ತೇನೆ. ಕದ್ದದ್ದು ಅಂತ ಹೇಳುವುದಿಲ್ಲ.

ತುಂಗಾ
ಒಂದು ವಾರ ಆಯಿತು, ಕ್ಷಮಿಸಿ. ಮೇಷ್ಟ್ರು ಹೇಳಿದ ಹಾಗೆ ಕೂತು ತೆಗೆದೆ.

ಕಿತ್ತಳೆ ಶಾಲೆಯಲ್ಲಿ 39 ಮಕ್ಕಳಿಂದ ಒಟ್ಟು 58 ಸಸ್ಪೆನ್ಶನ್. ಅದರಲ್ಲಿ ಮಾದಕ ವಸ್ತು 22. ಹೋದ ವರ್ಷ ಆ ಕಾಲಂನಲ್ಲಿ ಇದ್ದದ್ದು 3. ಜಗಳಗಳು ಹೆಚ್ಚು ಕಡಿಮೆ ಅಷ್ಟೇ ಇವೆ, ಎರಡು ಕಡಿಮೆಯೇ ಆಗಿದೆ. 22 ನೋಡಿ ಎದೆ ಧಸಕ್ ಅಂತು. ಅಲ್ಲೇ ಬಿಟ್ಟುಬಿಡೋಣ ಅನ್ನಿಸಿತು. ಆದರೆ ಮಲೆನಾಡ ಮಗಳು ಬರೆದಿದ್ದು ತಲೆಯಲ್ಲಿ ಕೂತಿತ್ತು. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಿ ವೈಸ್ ಪ್ರಿನ್ಸಿಪಾಲರನ್ನು ಕೇಳಿದೆ.

ಆಕೆ ಮುಚ್ಚುಮರೆ ಮಾಡಲಿಲ್ಲ. ಆಗಸ್ಟಿನಲ್ಲಿ ಎಲ್ಲ ಬಾತ್‌ರೂಮುಗಳಿಗೂ ವೇಪ್ (ಇ-ಸಿಗರೇಟ್) ಸೆನ್ಸರ್ ಹಾಕಿಸಿದರಂತೆ. ಹೊಗೆ ಬಂದ ಕೂಡಲೇ ಅವರ ಫೋನಿಗೆ ಮೆಸೇಜ್. ಸಿಕ್ಕಿದ್ದರಲ್ಲಿ ಬಹಳಷ್ಟು ಗಾಂಜಾ ಎಣ್ಣೆಯ ವೇಪ್. "ಹೋದ ವರ್ಷವೂ ಸೇದುತ್ತಿದ್ದರು. ನಮಗೆ ಗೊತ್ತಾಗುತ್ತಿರಲಿಲ್ಲ" ಅಂದರು. ನಾವು ಮಾತಾಡುತ್ತಿದ್ದಾಗಲೇ ಮೇಜಿನ ಮೇಲಿದ್ದ ಅವರ ಫೋನು ಒಂದು ಸಲ ಗುಂಯ್ ಅಂತು. ಇಬ್ಬರೂ ಅದರ ಕಡೆ ನೋಡಿದೆವು. ಯಾರೋ ಬಾಡಿ ಸ್ಪ್ರೇ ಹೊಡೆದಿದ್ದರಂತೆ.

ಲೆಕ್ಕದ ಮೇಷ್ಟ್ರು
ಒಳ್ಳೆಯ ಕೆಲಸ ಮಾಡಿದಿರಿ. ಆದರೆ ಅವರು ಹೇಳಿದ್ದು ಅವರ ವಿವರಣೆ. ಸೆನ್ಸರ್‌ನಿಂದಲೇ ಏರಿದ್ದಾದರೆ ಮೊದಲ ಕೆಲವು ತಿಂಗಳಲ್ಲಿ ಜಾಸ್ತಿ ಸಿಕ್ಕಿ ಆಮೇಲೆ ಇಳಿಯುತ್ತಾ ಬಂದಿರಬೇಕು. ತಿಂಗಳವಾರು ಕೊಡಿ ಅಂತ ಕೇಳಿ. ಹೆಸರಿಲ್ಲದ ಬರೀ ಸಂಖ್ಯೆ, ಕೊಡಲು ಅಡ್ಡಿ ಇರಬಾರದು. ಏಪ್ರಿಲ್ ಮೇನಲ್ಲೂ ಅಷ್ಟೇ ಇದ್ದರೆ ನಿಮ್ಮ ಯಜಮಾನರ ಚಿಂತೆಗೂ ಅರ್ಥ ಇದೆ.

ತುಂಗಾ
ಕೇಳಿದೆ ಸರ್, ಮೇಲ್ ಮಾಡುತ್ತೇನೆ ಅಂದಿದ್ದಾರೆ. ಹಸಿರು ಶಾಲೆಗೂ ಫೋನು ಮಾಡಿದೆ. ಸಸ್ಪೆನ್ಶನ್ ಬಗ್ಗೆ ಕೇಳಲೇ ಇಲ್ಲ. "ಮಧ್ಯಾಹ್ನದೊಳಗೆ ಬಂದು ಮಗುವನ್ನು ಕರೆದುಕೊಂಡು ಹೋಗಿ ಅಂತ ಹೋದ ವರ್ಷ ಎಷ್ಟು ಸಲ ಪೋಷಕರಿಗೆ ಫೋನು ಮಾಡಿದ್ದೀರಿ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಅದನ್ನು ನಾವು ಲೆಕ್ಕ ಇಡುವುದಿಲ್ಲ" ಅಂದರು. ಕಿತ್ತಳೆ ಶಾಲೆಯವರನ್ನೂ ಅದೇ ಕೇಳಿದೆ. ಅವರೂ ಇಡುವುದಿಲ್ಲವಂತೆ.

ಮಲೆನಾಡ ಮಗಳು
ಯಾರೂ ಇಡುವುದಿಲ್ಲ ತುಂಗಾ. ನಾವೇ ಇಟ್ಟುಕೊಳ್ಳಬೇಕು. ಯಾವ ಶಾಲೆಗೆ ಸೇರಿಸಿದರೂ ಒಂದು ಮಾಡಿ. ಯಾವತ್ತಾದರೂ ಕರೆದುಕೊಂಡು ಹೋಗಿ ಅಂತ ಫೋನು ಬಂದರೆ, "ಇದು ಸಸ್ಪೆನ್ಶನ್ನಾ? ಹೌದಾದರೆ ಬರೆದುಕೊಡಿ, ಅಲ್ಲವಾದರೆ ಅವಳು ಕ್ಲಾಸಿನಲ್ಲೇ ಇರಲಿ" ಅಂತ ಮೇಲ್‌ನಲ್ಲಿ ಕೇಳಿ. ರಿಜಿಸ್ಟರಿನಲ್ಲಿ ಕಾರಣದ ಜಾಗದಲ್ಲಿ "ಶಾಲೆಯವರು ಕರೆಸಿದರು" ಅಂತ ಬರೆಯಿರಿ. ಫೆರ್ಪಾ ಅನ್ನೋ ಕಾನೂನಿನಡಿ ಮಗುವಿನ ಹಾಜರಿ ದಾಖಲೆ ನೋಡಬೇಕು ಅಂತ ಬರೆದು ಕೇಳಿದರೆ 45 ದಿನದೊಳಗೆ ತೋರಿಸಲೇಬೇಕು. ನಾನು ಮೂರನೇ ಕ್ಲಾಸಿನಲ್ಲಿ ಇದನ್ನು ಶುರು ಮಾಡಿದೆ. ಆ ವರ್ಷ ಫೋನು ಬಂದಿದ್ದು ನಾಲ್ಕು ಸಲ.

ತುಂಗಾ
ಇವರ ಎಕ್ಸೆಲ್ ಶೀಟಿಗೆ ಹೊಸ ಕಾಲಂ ಸೇರಿಸಿದ್ದೇನೆ. ಎರಡೂ ಶಾಲೆಗೆ ಖಾಲಿ ಇದೆ. ನಿಂಬೆ ಗಿಡದ ಮನೆಗೆ ಅಡ್ವಾನ್ಸ್ ಕೊಡೋದು ಶುಕ್ರವಾರದವರೆಗೆ ತಡೆದಿದ್ದೇವೆ, ತಿಂಗಳವಾರು ಲೆಕ್ಕ ಬರಲಿ ಅಂತ.

ಗೋಳಿಬಜೆ
ಕರಿಬೇವಿನ ಸಸಿ ನಮ್ಮ ಮನೆಯಲ್ಲಿ ಎರಡಿದೆ. ಲೆಕ್ಕ ಬಂದ ಮೇಲೆ ಹೇಳಿ, ಒಂದು ತಂದುಕೊಡುತ್ತೇನೆ.